ಪದಚರ್ಚೆ: ವಿಯೆನ್ನಾದ ಕ್ರಿಸ್‌ಮಸ್ ‘ಮಾರ್ಕ್ಟ್’ ನಮಗೆ ಮಾರುಕಟ್ಟೆಯೋ, ಸಂತೆಯೋ?

ಎಲ್ಲರಿಗೂ ನಮಸ್ಕಾರ.

ವಿಯೆನ್ನಾ ಪ್ರವಾಸದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ತಡೆ ಬಂದಿದೆ. ಡಿಸೆಂಬರಿನಲ್ಲಿ ಆ ಊರಿನ ಚೌಕಗಳಲ್ಲಿ ಮರದ ಪುಟ್ಟ ಅಂಗಡಿಗಳ ಸಾಲು ಎದ್ದು ನಿಲ್ಲುತ್ತದಲ್ಲ, ಅದಕ್ಕೆ ಅಲ್ಲಿನವರು ‘ಕ್ರಿಸ್ಟ್‌ಕಿಂಡ್ಲ್‌ಮಾರ್ಕ್ಟ್’ ಅನ್ನುತ್ತಾರೆ. ನಮ್ಮ ಪತ್ರಿಕೆಗಳಲ್ಲಿ, ಪ್ರವಾಸ ಬರಹಗಳಲ್ಲಿ ‘ಕ್ರಿಸ್‌ಮಸ್ ಮಾರುಕಟ್ಟೆ’ ಎಂದು ಬರೆದಿರುವುದನ್ನು ನೋಡಿದ್ದೇನೆ. ನನಗೆ ಅದು ಒಗ್ಗುತ್ತಿಲ್ಲ. ಮಾರುಕಟ್ಟೆ ಅಂದ ಕೂಡಲೇ ನನ್ನ ಕಿವಿಗೆ ಕೇಳುವುದು ತರಕಾರಿ ಮೂಟೆ ಇಳಿಸುವ ಸದ್ದು, ಸಗಟು ದರ, ಚೌಕಾಸಿ. ಈಗಂತೂ ‘ಷೇರು ಮಾರುಕಟ್ಟೆ’ ಬೇರೆ. ಬೇಕಾದ ಸಾಮಾನಿಗೆ ಹೋಗಿ, ಕೊಂಡು, ಬೇಗ ಹೊರಬೀಳುವ ಜಾಗ ಅದು. ವಿಯೆನ್ನಾದಲ್ಲಿ ಜನ ಹೋಗುವುದು ನಿಲ್ಲಲಿಕ್ಕೆ. ಕೆಲಸ ಮುಗಿಸಿ ಗೆಳೆಯರ ಜೊತೆ ಬರುತ್ತಾರೆ, ಕೈಯಲ್ಲಿ ಬಿಸಿ ಲೋಟ ಹಿಡಿದು ಮಾತಾಡುತ್ತಾ ನಿಲ್ಲುತ್ತಾರೆ. ಏನೂ ಕೊಳ್ಳದೆ ಸುಮ್ನೆ ಸುತ್ತಿ ಹೋಗುವವರೂ ಬೇಕಾದಷ್ಟು ಮಂದಿ.

ಪದ ಹುಡುಕುವ ಮೊದಲು ವಸ್ತು ಏನೆಂದು ಸ್ವಲ್ಪ ಹೇಳುತ್ತೇನೆ. 1298ರಲ್ಲಿ ಆಲ್ಬ್ರೆಕ್ಟ್ ಎಂಬ ದೊರೆ ವಿಯೆನ್ನಾದವರಿಗೆ ಡಿಸೆಂಬರ್ ತಿಂಗಳಲ್ಲಿ ವ್ಯಾಪಾರ ನಡೆಸುವ ಹಕ್ಕು ಕೊಟ್ಟ. ಅಲ್ಲಿನವರು ತಮ್ಮ ಕಥೆಯನ್ನು ಶುರುಮಾಡುವುದು ಅಲ್ಲಿಂದ. 1722ರಲ್ಲಿ ಅದು ಫ್ರಾಯುಂಗ್ ಎಂಬ ಚೌಕಕ್ಕೆ ಬಂದಾಗ ಹೆಸರಿನಲ್ಲಿ ಸಂತ ನಿಕೋಲಾಸ್, ಕ್ರಿಸ್‌ಮಸ್, ‘ಕ್ರಿಪ್ಪೆ’ (ಯೇಸು ಹುಟ್ಟಿದ ದೃಶ್ಯದ ಬೊಂಬೆ ಜೋಡಣೆ) ಮೂರೂ ಇದ್ದವು. ಆಮೇಲೆ ಜಾಗ ಬದಲಾಗುತ್ತಾ ಹೋಯಿತು. 1975ರಿಂದ ದೊಡ್ಡದು ನಡೆಯುವುದು ರಾಟ್‌ಹೌಸ್, ಅಂದರೆ ನಗರಸಭೆಯ ಎದುರಿನ ಚೌಕದಲ್ಲಿ. ನವೆಂಬರ್ ನಡುವಿನಿಂದ ಕ್ರಿಸ್‌ಮಸ್‌ವರೆಗೆ ಇರುತ್ತದೆ. ಇದೊಂದೇ ಅಲ್ಲ. ಷ್ಯೋನ್‌ಬ್ರುನ್ ಅರಮನೆಯ ಅಂಗಳದಲ್ಲಿ ಒಂದು. ಕಾರ್ಲ್ಸ್‌ಕಿರ್ಖೆ ಎಂಬ ಇಗರ್ಜಿಯ ಮುಂದೆ ಕೈಕೆಲಸದವರದ್ದು ಒಂದು. ಷ್ಪಿಟ್ಟೆಲ್‌ಬೆರ್ಗ್‌ನಲ್ಲಿ ಹಳೆಯ ಮನೆಗಳ ನಡುವಿನ ಓಣಿಗಳಲ್ಲಿ ಇನ್ನೊಂದು. ನನ್ನನ್ನು ಕೇಳಿದರೆ ಕೊನೆಯದೇ ಚೆಂದ. ರಾಟ್‌ಹೌಸ್ ಮುಂದೆ ಬೆಳಕೂ ಜಾಸ್ತಿ, ನೂಕುನುಗ್ಗಲೂ ಜಾಸ್ತಿ.

ಇದಕ್ಕೆ ‘ಜಾತ್ರೆ’ ಅನ್ನಬಹುದೇ? ನನಗೆ ಮೊದಲು ಹೊಳೆದದ್ದು ಅದೇ. ಹಬ್ಬ, ದೀಪ, ತಿಂಡಿ, ಆಟಿಕೆ, ಮಕ್ಕಳು, ರಾಟವಾಳ, ಎಲ್ಲ ಇದೆ. ಜಾತ್ರೆ ಹಿಂದೂ ಪದ, ಕ್ರೈಸ್ತರ ಹಬ್ಬಕ್ಕೆ ಸಲ್ಲದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾರ್ಕಳದ ಹತ್ತಿರ ಅತ್ತೂರಿನ ಸಂತ ಲಾರೆನ್ಸರ ಹಬ್ಬವನ್ನು ಸುತ್ತಲಿನ ಜನ ‘ಅತ್ತೂರು ಜಾತ್ರೆ’ ಎಂದೇ ಕರೆಯುತ್ತಾರೆ. ತೊಡಕು ಇರುವುದು ಬೇರೆ ಕಡೆ. ಜಾತ್ರೆ ಹುಟ್ಟಿದ್ದು ‘ಯಾತ್ರೆ’ಯಿಂದ. ಒಂದು ಊರಿನ ಒಬ್ಬ ದೇವರು ಅಥವಾ ಒಬ್ಬ ಸಂತ, ಅವರ ದಿನ, ಅವರ ಹತ್ತಿರಕ್ಕೆ ಹೋಗುವ ಜನ. ಆಮೇಲೆ ಸುತ್ತ ಅಂಗಡಿ. ಇದಕ್ಕೆ ಸರಿಯಾಗಿ ಕೂರುವ ಪದ ಆಸ್ಟ್ರಿಯಾದ ಜರ್ಮನ್ನಿನಲ್ಲಿ ಬೇರೆಯೇ ಇದೆ: ‘ಕಿರ್‌ಟಾಗ್’. ಅಕ್ಷರಶಃ ‘ಇಗರ್ಜಿಯ ದಿನ’. ಊರಿನ ಇಗರ್ಜಿಗೆ ಸೇರಿದ ಹಬ್ಬ, ಅದರ ಸುತ್ತ ಊಟ, ಕುಣಿತ, ಅಂಗಡಿ. ಅದು ನೂರಕ್ಕೆ ನೂರು ಜಾತ್ರೆ. ಕ್ರಿಸ್‌ಮಸ್ ಅಂಗಡಿಸಾಲನ್ನು ಅಲ್ಲಿ ಯಾರೂ ಕಿರ್‌ಟಾಗ್ ಅನ್ನುವುದಿಲ್ಲ. ಜಾತ್ರೆ ಪದವನ್ನು ಇಲ್ಲಿ ಖರ್ಚು ಮಾಡಿದರೆ ನಾಳೆ ಕಿರ್‌ಟಾಗ್ ಬಂದಾಗ ನಮ್ಮ ಕೈ ಖಾಲಿ.

ಇನ್ನು ‘ಪರಿಷೆ’. ಹಳೇ ಮೈಸೂರು ಕಡೆಯವಳಾದ ನನಗೆ ಇದು ಮನಸ್ಸಿಗೆ ಬಹಳ ಹತ್ತಿರ. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರ. ವಿಯೆನ್ನಾದಲ್ಲಿ ಅಂಗಡಿಗಳು ಏಳುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಇಲ್ಲಿ ಹುರಿದ ಕಡಲೆಕಾಯಿ, ಅಲ್ಲಿ ಕೆಂಡದ ಮೇಲೆ ಸುಟ್ಟ ಮರೋನಿ, ಅಂದರೆ ಚೆಸ್ಟ್‌ನಟ್. ಎರಡನ್ನೂ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ, ಎರಡನ್ನೂ ನಡೆಯುತ್ತಾ ಸುಲಿದು ತಿನ್ನುತ್ತಾರೆ. ‘ಪರಿಷತ್’ ಎಂಬುದರಿಂದ ಬಂದ ಪದವಾದ್ದರಿಂದ ಜನ ಸೇರುವುದೇ ಅದರ ಮೂಲ ಅರ್ಥ. ಆದರೆ ಪರಿಷೆ ಎಷ್ಟು ದೂರ ಹೋಗುತ್ತದೆ? ಧಾರವಾಡದ ಗೆಳತಿಗೆ ‘ಕ್ರಿಸ್‌ಮಸ್ ಪರಿಷೆ’ ಅಂದೆ. ಅವಳಿಗೆ ಬೆಂಗಳೂರಿನ ಕಡಲೆಕಾಯಿ ಬಿಟ್ಟು ಬೇರೇನೂ ಹೊಳೆಯಲಿಲ್ಲ. ಒಂದು ಸೀಮೆಗೆ ಮಾತ್ರ ದಕ್ಕುವ ಪದವನ್ನು ಎಲ್ಲರಿಗೂ ಹೇರಲು ನನಗೆ ಮನಸ್ಸಿಲ್ಲ.

ಹಾಗಾಗಿ ಉಳಿದದ್ದು ‘ಸಂತೆ’. ಇದನ್ನು ಬೇಡ ಅನ್ನುವವರ ವಾದ ಗೊತ್ತು. ಸಂತೆ ವಾರಕ್ಕೊಮ್ಮೆ, ಬೆಳಗ್ಗೆ ನೆರೆದು ಸಂಜೆ ಚದುರುವಂಥದ್ದು. ವಿಯೆನ್ನಾದ್ದು ವಾರಗಟ್ಟಲೆ ಪ್ರತಿದಿನ. ಅದಕ್ಕೆ ಜೀವ ಬರುವುದೇ ಕತ್ತಲಾದ ಮೇಲೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ಈ ವಾದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ. ಚಿತ್ರಕಲಾ ಪರಿಷತ್ತಿನವರು ವರ್ಷಕ್ಕೊಮ್ಮೆ ಕುಮಾರಕೃಪಾ ರಸ್ತೆಯಲ್ಲಿ ‘ಚಿತ್ರಸಂತೆ’ ನಡೆಸುತ್ತಾರೆ. ವಾರದ ಲೆಕ್ಕ ಅಲ್ಲೇ ಕಳಚಿಬಿತ್ತು. ಈಗ ಸಂತೆ ಅಂದರೆ ಬಯಲಲ್ಲಿ ಸಾಲು ಅಂಗಡಿ, ಮಾಡಿದವರೇ ಮಾರುವುದು, ಕೊಳ್ಳದವರೂ ಸುತ್ತುವುದು ಅನ್ನುವ ಅರ್ಥ ಜನರ ಬಾಯಲ್ಲಿ ನೆಲೆಯಾಗಿದೆ. ಕಾರ್ಲ್ಸ್‌ಕಿರ್ಖೆ ಮುಂದೆ ನಡೆಯುವುದು ತದ್ರೂಪು ಇದೇ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರಿಗೂ ಗೊತ್ತಿರುವ ಪದ. ದೇವರೂ ಬೇಕಿಲ್ಲ, ತೇರೂ ಬೇಕಿಲ್ಲ. ನಾನು ‘ಕ್ರಿಸ್‌ಮಸ್ ಸಂತೆ’ ಎಂದೇ ಬರೆಯಬೇಕು ಅಂತಿದ್ದೇನೆ. ನೀವೂ ಹಾಗೇ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಹೆಸರಿನ ಮೊದಲ ಭಾಗ ‘ಕ್ರಿಸ್ಟ್‌ಕಿಂಡ್ಲ್’. ಕ್ರಿಸ್ತ ಮಗು. ಕೊನೆಯ ‘ಲ್’ ಮುದ್ದಿನದು, ನಾವು ಪುಟ್ಟ, ಪುಟಾಣಿ ಅಂದ ಹಾಗೆ. ಆಸ್ಟ್ರಿಯಾದ ಮಕ್ಕಳಿಗೆ ಉಡುಗೊರೆ ತರುವುದು ಗಡ್ಡದ ಸಾಂಟಾ ಅಲ್ಲ, ಈ ಮಗು. ಡಿಸೆಂಬರ್ 24ರ ಸಂಜೆ ಯಾರ ಕಣ್ಣಿಗೂ ಬೀಳದೆ ಬಂದು ಹೋಗುತ್ತದೆ. ಗಂಟೆ ಕೇಳಿದಾಗ ಮಕ್ಕಳು ಕೋಣೆಗೆ ಓಡುತ್ತಾರೆ. ಕ್ರಿಸ್ಟ್‌ಕಿಂಡ್ಲ್ ಎಂಬ ಹೆಸರಿನ ಊರೇ ಒಂದಿದೆ, ಷ್ಟೈಯರ್ ಪಟ್ಟಣದ ಹತ್ತಿರ. ಮಕ್ಕಳ ಕಾಗದಗಳಿಗಾಗಿ 1950ರಿಂದ ಅಲ್ಲಿ ಹಬ್ಬದ ಕಾಲಕ್ಕೆ ಅಂಚೆ ಕಚೇರಿ ತೆರೆಯುತ್ತಾರೆ. ನಮ್ಮಲ್ಲಿ ಕ್ರೈಸ್ತರು ಬಳಸುವ ‘ಬಾಲಯೇಸು’ ಇದಕ್ಕೆ ಒಪ್ಪುತ್ತದೆ. ಆದರೆ ಅಲ್ಲಿನ ಚಿತ್ರಗಳಲ್ಲಿ ಇದು ರೆಕ್ಕೆ ಇರುವ, ಹೊಂಬಣ್ಣದ ಕೂದಲಿನ ದೇವದೂತೆಯ ಹಾಗೆಯೂ ಕಾಣುತ್ತದೆ. ಆಗ ಬಾಲಯೇಸು ಅಂದರೆ ಓದುಗರು ತಬ್ಬಿಬ್ಬಾಗುತ್ತಾರೆ. ಇದನ್ನು ಹೆಸರಾಗಿ ಹಾಗೇ ಬಿಡುವುದೇ ಒಳ್ಳೆಯದು.

‘ಕ್ರಿಪ್ಪೆ’ಗೆ ಮಾತ್ರ ಯೋಚನೆಯೇ ಬೇಡ. ಅದು ಗೋದಲಿ. ದನಗಳಿಗೆ ಮೇವು ಹಾಕುವ ತೊಟ್ಟಿ ಎಂಬ ಅರ್ಥವೂ, ಯೇಸು ಹುಟ್ಟಿದ ದೃಶ್ಯದ ಬೊಂಬೆ ಜೋಡಣೆ ಎಂಬ ಅರ್ಥವೂ ಎರಡೂ ಭಾಷೆಗಳಲ್ಲಿ ಒಂದೇ ಪದದಲ್ಲಿವೆ. ಇಷ್ಟು ಒಳ್ಳೆಯ ಪದ ನಮ್ಮ ಇಗರ್ಜಿಗಳಲ್ಲಿ ದಿನಬಳಕೆಯಲ್ಲಿರುವಾಗ ಪತ್ರಿಕೆಯವರು ‘ಕ್ರಿಬ್’ ಎಂದು ಯಾಕೆ ಬರೆಯುತ್ತಾರೋ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ‘ಅಡ್ವೆಂಟ್’ಗೂ ನಮ್ಮ ಇಗರ್ಜಿಗಳಲ್ಲೇ ‘ಆಗಮನ ಕಾಲ’ ಇದೆ.

ಕುಡಿಯುವುದರ ಹೆಸರು ಹಾಗಲ್ಲ. ಚಕ್ಕೆ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಕಾಯಿಸಿದ ಕೆಂಪು ವೈನಿಗೆ ‘ಗ್ಲೂವೈನ್’. ಕಾದು ಕೆಂಪಾಗುವುದು ಎಂಬ ಅರ್ಥ ಅದರೊಳಗಿದೆ. ‘ಮಸಾಲೆ ವೈನ್’ ಸಾಕು ಅನ್ನಿಸುತ್ತದೆ. ಪಕ್ಕದಲ್ಲೇ ‘ಪುನ್ಷ್’ ಸಿಗುತ್ತದೆ. ಇದರ ಮೂಲ ನಮ್ಮ ‘ಪಂಚ’ ಎಂದು ನಿಘಂಟುಗಳಲ್ಲಿ ಓದಿದ್ದೇನೆ, ಐದು ಪದಾರ್ಥ ಸೇರಿದ್ದು ಅಂತ. ಮಕ್ಕಳಿಗಾಗಿ ಮದ್ಯ ಹಾಕದೆ ಹಣ್ಣಿನ ರಸದಲ್ಲಿ ಮಾಡುವ ಪುನ್ಷ್‌ಗೆ ‘ಬಿಸಿ ಪಾನಕ’ ಅಂದರೆ ಸರಿಹೋಗುತ್ತದೆ ಅಲ್ವಾ?

ನಿಜವಾಗಿ ಸಿಕ್ಕಿಹಾಕಿಕೊಂಡಿರುವುದು ‘ಪ್‌ಫಾಂಡ್’ ಎಂಬುದರಲ್ಲಿ. ಪಾನೀಯದ ಬೆಲೆ ಜೊತೆಗೆ ಲೋಟಕ್ಕೂ ಒಂದಿಷ್ಟು ಯೂರೊ ಹಿಡಿದುಕೊಳ್ಳುತ್ತಾರೆ. ಲೋಟ ಮರಳಿಸಿದರೆ ದುಡ್ಡು ವಾಪಸ್. ಲೋಟ ಚೆನ್ನಾಗಿದೆ ಅಂತ ಅನೇಕರು ಮನೆಗೇ ಒಯ್ಯುತ್ತಾರೆ. ‘ಠೇವಣಿ’ ಅಂದರೆ ಬ್ಯಾಂಕು, ಚುನಾವಣೆ ನೆನಪಾಗುತ್ತದೆ. ಪ್‌ಫಾಂಡ್‌ನ ಹಳೆಯ ಅರ್ಥ ಅಡ, ಒತ್ತೆ. ಆ ಲೆಕ್ಕದಲ್ಲಿ ‘ಲೋಟದ ಒತ್ತೆ’ ಸರಿಯಾದ ಕನ್ನಡ. ಆದರೆ ಈಚೆಗೆ ಒತ್ತೆ ಅಂದರೆ ಜನರಿಗೆ ಒತ್ತೆಯಾಳು ಮಾತ್ರ ನೆನಪು. ಸೋಡಾ ಬಾಟಲಿ ಮನೆಗೆ ಒಯ್ಯುವಾಗ ಅಂಗಡಿಯವರು ಹಿಡಿದುಕೊಳ್ಳುತ್ತಿದ್ದ ದುಡ್ಡಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಿದ್ದರು? ‘ಡಿಪಾಸಿಟ್’ ಬಿಟ್ಟು ಬೇರೆ ಮಾತು ಇದ್ದರೆ ದಯವಿಟ್ಟು ಊರಿನ ಹೆಸರಿನ ಜೊತೆ ಬರೆಯಿರಿ. ಕರಾವಳಿಯವರು, ಕಲಬುರಗಿ ಕಡೆಯವರು ‘ಕ್ರಿಸ್‌ಮಸ್ ಸಂತೆ’ ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದನ್ನೂ ತಿಳಿಸಿ.