ಮಂಡ್ಯದ ಮನೆ ರೂಟರ್ ಮೈಸೂರಿನಿಂದ ತೆರೆಯುತ್ತಿಲ್ಲ, ಸಹಾಯ ಬೇಕು

ನಮಸ್ಕಾರ. ನಾನಿರುವುದು ಮೈಸೂರಿನ ಕುವೆಂಪುನಗರ, ಅಪ್ಪ ಅಮ್ಮ ಮಂಡ್ಯದಲ್ಲಿ. ವೈಫೈ ಕೈಕೊಟ್ಟಾಗಲೆಲ್ಲ ಫೋನಲ್ಲೇ ಹೇಳಿಕೊಟ್ಟು ಸಾಕಾಗಿ, ರೂಟರಿನಲ್ಲಿ ರಿಮೋಟ್ ಮ್ಯಾನೇಜ್‌ಮೆಂಟ್ (ಹೊರಗಿನಿಂದಲೇ ಸೆಟ್ಟಿಂಗ್ ಪುಟ ತೆರೆಯುವ ಸೌಲಭ್ಯ) ಆನ್ ಮಾಡಿ, ಪೋರ್ಟ್ 8443 ಕೊಟ್ಟು ಬಂದೆ. ಮನೆಯೊಳಗೆ 192.168.1.1 ಹಾಕಿದರೆ ಲಾಗಿನ್ ಪುಟ ಸಲೀಸಾಗಿ ಬರುತ್ತದೆ. ಇಲ್ಲಿಂದ ಬ್ರೌಸರ್ ಸುಮ್ನೆ ಸುತ್ತುತ್ತಾ ಇದ್ದು, ಕೊನೆಗೆ ಟೈಮ್‌ಔಟ್.

ಅಪ್ಪ ಸ್ಟೇಟಸ್ ಪುಟದ ಫೋಟೋ ಕಳಿಸಿದರು. ವ್ಯಾನ್ ಐಪಿ, ಅಂದರೆ ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸ, 100.72ರಿಂದ ಶುರು. ಹೊರಗೆ ಕಾಣುವ ಐಪಿ ಬೇರೆಯೇ. 100.64ರಿಂದ 100.127ರವರೆಗಿನದು ಸಿಜಿನ್ಯಾಟ್ (ಒಂದೇ ಹೊರಗಿನ ಐಪಿಯನ್ನು ಕಂಪನಿ ಹಲವು ಮನೆಗಳಿಗೆ ಹಂಚುವ ವ್ಯವಸ್ಥೆ) ಅಲ್ವಾ? ಹಾಗಿದ್ದರೆ ಪೋರ್ಟ್ ಫಾರ್ವರ್ಡ್ (ಹೊರಗಿನ ಸಂಪರ್ಕವನ್ನು ಮನೆಯೊಳಗಿನ ಸಾಧನಕ್ಕೆ ಕಳಿಸುವುದು), ಡಿಡಿಎನ್‌ಎಸ್ (ಬದಲಾಗುವ ಐಪಿಗೆ ಒಂದೇ ಹೆಸರು ಕೊಡುವುದು) ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಅಡ್ಮಿನ್ ಪುಟವನ್ನು ಊರಿಗೆಲ್ಲ ತೆರೆದಿಡಲು ನನಗೂ ಇಷ್ಟವಿಲ್ಲ ಬಿಡಿ.

ಅಲ್ಲೊಂದು ಹಳೇ ರಾಸ್ಬೆರಿ ಪೈ (ಪುಟ್ಟ ಕಂಪ್ಯೂಟರ್) ಇದೆ. ಅದಕ್ಕೆ ಟೇಲ್‌ಸ್ಕೇಲ್ (ಒಂದು ವಿಪಿಎನ್, ಅಂದರೆ ಖಾಸಗಿ ಸಂಪರ್ಕದ ಆ್ಯಪ್) ಹಾಕಿ, ಸಬ್‌ನೆಟ್ ರೂಟಿಂಗ್ (ಅದರ ಮೂಲಕ ಮನೆಯ ಬೇರೆ ಸಾಧನಗಳನ್ನೂ ತಲುಪುವುದು) ಮಾಡಿ ರೂಟರ್ ತೆರೆದವರು ಯಾರಾದರೂ ಇದ್ದೀರಾ? ಇಲ್ಲಿನ ರೂಟರೂ 192.168.1ರ ಸಾಲಿನದೇ, ಎರಡೂ ಕಡೆ ಒಂದೇ ವಿಳಾಸವಾದರೆ ಗೊಂದಲವಾಗಬಹುದು. ಮಂಡ್ಯದ್ದನ್ನು ಮೊದಲು ಬದಲಾಯಿಸಬೇಕಾ?