11 ತಿಂಗಳ ಮಗುವಿಗೆ ವಾಂತಿ-ಭೇದಿ, ಆಂಟಿಬಯೋಟಿಕ್ ಕೇಳಬೇಕಾ?

ಕೇಳಿದವರು (ಮಗುವಿನ ತಾಯಿ): ಮಗಳಿಗೆ 11 ತಿಂಗಳು, 8 ಕೆ.ಜಿ. ನಿನ್ನೆ ಸಂಜೆ ಜ್ವರ, ವಾಂತಿ. ಬೆಳಗ್ಗೆಯಿಂದ ಆರು ಸಲ ನೀರು ನೀರಾಗಿ ಭೇದಿ, ರಕ್ತ ಇಲ್ಲ. ಡಾಕ್ಟರು ನೋಡಿ, ರೋಟಾ ವೈರಸ್ ಥರ ಇದೆ ಅಂದು ಒಆರ್‌ಎಸ್, ಜಿಂಕ್ ಅಷ್ಟೇ ಬರೆದರು. ಕುಡಿಸಿದ್ದೆಲ್ಲ ಕಕ್ಕುತ್ತಾಳೆ. ರೋಟಾ ಲಸಿಕೆಯ ಹನಿ ಮೂರು ಸಲವೂ ಹಾಕಿಸಿದ್ದೇವೆ, ಆದರೂ ಯಾಕೆ ಬಂತು?

ಮಕ್ಕಳ ವಾರ್ಡಿನ ನರ್ಸ್: ಕಕ್ಕುವುದು ಒಆರ್‌ಎಸ್‌ನಿಂದಲ್ಲ, ಕುಡಿಸುವ ರೀತಿಯಿಂದ. ಬಾಯಾರಿದ ಮಗು ಬಾಟಲಿ ಸಿಕ್ಕರೆ ಗಟಗಟ ಕುಡಿದು ಅಷ್ಟನ್ನೂ ಹೊರಗೆ ಹಾಕುತ್ತದೆ. ಬಾಟಲಿ ಬಿಡಿ, 5 ಮಿ.ಲೀ. ಚಮಚ ಅಥವಾ ಒಳಲೆ ಹಿಡಿಯಿರಿ. ವಾಂತಿಯಾದರೆ 10 ನಿಮಿಷ ಸುಮ್ಮನಿದ್ದು, ಆಮೇಲೆ ಎರಡು ನಿಮಿಷಕ್ಕೊಂದು ಚಮಚ. ಜಿಪುಣತನ ಅನ್ನಿಸಬಹುದು, ಆದರೆ ಲೆಕ್ಕ ಹಾಕಿ: ನಾಲ್ಕು ಗಂಟೆಗೆ 120 ಚಮಚ, ಅಂದರೆ 600 ಮಿ.ಲೀ. ನೀರಿನಂಶ ಸ್ವಲ್ಪ ಕಡಿಮೆಯಾದ ಮಗುವಿಗೆ ಆ ನಾಲ್ಕು ಗಂಟೆಯಲ್ಲಿ ಕೆ.ಜಿ.ಗೆ 75 ಮಿ.ಲೀ. ಕೊಡುವುದು ಕ್ರಮ. 8 ಕೆ.ಜಿ.ಗೆ ಸರಿಯಾಗಿ ಅಷ್ಟೇ! ಆಮೇಲೆ ಪ್ರತಿ ಭೇದಿಗೆ 50ರಿಂದ 100 ಮಿ.ಲೀ.

ಔಷಧಿ ಅಂಗಡಿಯವರು: ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಬರೆದಿರುತ್ತದೆ, ಮೊದಲು ಅದನ್ನು ಓದಿ. ದೊಡ್ಡದು 1 ಲೀಟರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡ ಪೊಟ್ಟಣದಿಂದ ಅಂದಾಜಿಗೆ ಒಂದು ಚಮಚ ಲೋಟಕ್ಕೆ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೆಳುವಾದರೆ ಪ್ರಯೋಜನವಿಲ್ಲ. ಕುದಿಸಿ ಆರಿಸಿದ ನೀರಿಗೆ ಪೂರ್ತಿ ಪೊಟ್ಟಣ ಹಾಕಿ, 24 ಗಂಟೆಯಾದ ಮೇಲೆ ಉಳಿದದ್ದು ಚೆಲ್ಲಿ. ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಜ್ಯೂಸು ಒಆರ್‌ಎಸ್ ಅಲ್ಲ. ಸರಿಯಾದ ಮಿಶ್ರಣದಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ. ಆ ಜ್ಯೂಸುಗಳಲ್ಲಿ ಸಕ್ಕರೆ ಇದರ ಹಲವು ಪಟ್ಟು, ಅದು ಕರುಳಿಗೇ ನೀರೆಳೆದು ಭೇದಿ ಹೆಚ್ಚಿಸುತ್ತದೆ.

ಮೈಕ್ರೋಬಯಾಲಜಿ ಪಾಠ ಮಾಡುವವರು: ಆಂಟಿಬಯೋಟಿಕ್‌ಗೆ ಇಲ್ಲಿ ಕೆಲಸವೇ ಇಲ್ಲ. ಅದು ಬ್ಯಾಕ್ಟೀರಿಯಾಕ್ಕೆ; ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದು ಭೇದಿ ಹೆಚ್ಚಿಸಬಹುದು. ರೋಟಾ ವೈರಸ್ ಸಣ್ಣ ಕರುಳಿನ ಬೆರಳಿನಂಥ ವಿಲ್ಲೈಗಳ ತುದಿಯ ಜೀವಕೋಶ ಹಾಳು ಮಾಡುತ್ತದೆ, ನೀರು ಹೀರುವ ಜಾಗ ಕಡಿಮೆಯಾಗುತ್ತದೆ. ಆದರೂ ಗ್ಲೂಕೋಸ್ ಜೊತೆ ಸೋಡಿಯಂ ಒಳಗೆಳೆಯುವ ದಾರಿ ಸಾಕಷ್ಟು ಉಳಿದಿರುತ್ತದೆ. ಒಆರ್‌ಎಸ್ ನಡೆಯುವುದು ಆ ದಾರಿಯಲ್ಲೇ. ಹೊಸ ಕೋಶ ಬೆಳೆಯುವವರೆಗೆ, ಅಂದರೆ 3ರಿಂದ 8 ದಿನ, ಭೇದಿ ಇರುತ್ತದೆ. ಔಷಧಿ ಹಿಡಿಯಲಿಲ್ಲ ಅಂತ ಮೂರನೇ ದಿನಕ್ಕೇ ಡಾಕ್ಟರನ್ನು ಬದಲಿಸಬೇಡಿ.

ಇನ್ನು ಹನಿಯ ವಿಷಯ. ರೋಟಾವ್ಯಾಕ್ ಅನ್ನುವ ರೋಟಾ ಲಸಿಕೆ 2016ರಲ್ಲಿ ನಾಲ್ಕು ರಾಜ್ಯಗಳ ಸರ್ಕಾರಿ ಲಸಿಕಾ ಪಟ್ಟಿಗೆ ಬಂತು, 6, 10, 14 ವಾರಕ್ಕೆ ಹಾಕುತ್ತಾರೆ. ಪರೀಕ್ಷೆಗಳಲ್ಲಿ ಅದು ತಡೆದದ್ದು ತೀವ್ರ ರೋಟಾ ಭೇದಿಯ ಸುಮಾರು 55%. ನಮ್ಮಂಥ ದೇಶಗಳಲ್ಲಿ ಬಾಯಿಗೆ ಹಾಕುವ ರೋಟಾ ಲಸಿಕೆಗಳ ಫಲ ಶ್ರೀಮಂತ ದೇಶಗಳಿಗಿಂತ ಕಡಿಮೆಯೇ. ಹಾಗಾಗಿ ಹನಿ ಹಾಕಿಸಿದರೂ ಭೇದಿ ಬರಬಹುದು, ಆದರೆ ತೀವ್ರವಾಗುವ ಸಾಧ್ಯತೆ ತಗ್ಗುತ್ತದೆ; ಹಾಕಿಸಿದ್ದು ದಂಡವಾಗಲಿಲ್ಲ. ಅಲ್ಲದೆ ಇದು ರೋಟಾವೇ ಅಂತಲೂ ಇಲ್ಲ. ನೊರೊ, ಅಡಿನೊ, ಆಸ್ಟ್ರೊ ವೈರಸ್‌ಗಳೂ ಹೀಗೇ ಬರುತ್ತವೆ. ಚಿಕಿತ್ಸೆ ಒಂದೇ ಆದ್ದರಿಂದ ಮಲ ಪರೀಕ್ಷೆಗೆ ದುಡ್ಡು ಹಾಕಬೇಕಿಲ್ಲ.

ಕೇಳಿದವರು: ಹಾಲು ನಿಲ್ಲಿಸಿ ಅಂತಾರೆ ಅತ್ತೆ. ಭೇದಿ ಕಟ್ಟುವ ಮಾತ್ರೆ?

ಮಕ್ಕಳ ವಾರ್ಡಿನ ನರ್ಸ್: ಎದೆಹಾಲು ನಿಲ್ಲಿಸಲೇಬೇಡಿ. ಮೊಸರನ್ನ, ಗಂಜಿ, ಬಾಳೆಹಣ್ಣು, ಸ್ವಲ್ಪಸ್ವಲ್ಪ ಕೊಡಿ. ಲೋಪೆರಮೈಡ್ ಥರದ್ದು ಈ ವಯಸ್ಸಿಗೆ ಅಪಾಯ, ಕರುಳಿನ ಚಲನೆಯೇ ನಿಲ್ಲಬಹುದು. ಜಿಂಕ್ 20 ಮಿ.ಗ್ರಾಂ, ಒಂದು ಚಮಚ ಎದೆಹಾಲಲ್ಲಿ ಕರಗಿಸಿ, ದಿನಕ್ಕೊಂದು, 14 ದಿನ. ಭೇದಿ ನಿಂತರೂ ಮುಗಿಸಿ.

ಆರೋಗ್ಯ ಸಹಾಯಕಿ: ಡಯಾಪರ್ ಬದಲಿಸಿದ ಮೇಲೆ ಸೋಪಿನಿಂದಲೇ ಕೈ ತೊಳೆಯಿರಿ. ನೊರೊ ಆಗಿದ್ದರೆ ಸ್ಯಾನಿಟೈಸರ್ ಸಾಲದು. ನೆಲ ಒರೆಸಿದ ಮೇಲೆ 5% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) 20 ಮಿ.ಲೀ.ಯನ್ನು 1 ಲೀಟರ್ ನೀರಿಗೆ ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಡಿ. ಆಸಿಡ್ ಜೊತೆ ಬೆರೆಸಬೇಡಿ.

ಮಕ್ಕಳ ವಾರ್ಡಿನ ನರ್ಸ್: ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಎರಡು ಸೆಕೆಂಡಾದರೂ ಮಡಿಕೆ ಇಳಿಯದಿದ್ದರೆ, ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಉಚ್ಚೆ ಹೋಗದಿದ್ದರೆ, ಕುಡಿಯಲೊಲ್ಲದೆ ಮಂಕಾದರೆ, ವಾಂತಿ ಹಸಿರಾದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಡ್ರಿಪ್ ಹಾಕುವ ಆಸ್ಪತ್ರೆಗೇ ನೇರ ಹೋಗಿ. ದಾರಿಯಲ್ಲೂ ಚಮಚ ನಿಲ್ಲಿಸಬೇಡಿ. ಪೂರ್ತಿ ಮಂಪರಾಗಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ.