ಎಂಡಿ ತಗೊಂಡವರ ಮೈ ಕಾದರೆ ಆಂಬುಲೆನ್ಸ್ ಬರೋವರೆಗೆ ಏನು ಮಾಡಬೇಕು?

ಕುಡ್ಲೆ_ಹೋಂಸ್ಟೇ:
ಗೋಕರ್ಣದ ಹೋಂಸ್ಟೇ ಹುಡುಗರಿಗೆ ಒಂದು ಸೂಚನೆ ಬರೆದು ಗೋಡೆಗೆ ಅಂಟಿಸಬೇಕಾಗಿದೆ. ಎಂಡಿ, ಮ್ಯಾವ್ ಮ್ಯಾವ್ ಅಂತಾರಲ್ಲ, ಆ ಮೆಫೆಡ್ರೋನ್ ಅನ್ನೋ ಮಾದಕ ಪುಡಿ ತಗೊಂಡವರನ್ನು ಗುರುತಿಸೋದು ಹೇಗೆ? ಮಜ್ಜಿಗೆ, ಲಿಂಬೆ ನೀರು ಕುಡಿಸಿ ಮಲಗಿಸಿದರೆ ಇಳಿಯುತ್ತದಾ? ಕೇಸಾಗ್ತದೆ, ಆಸ್ಪತ್ರೆ ಬೇಡ ಅಂತ ಜತೆಗಿದ್ದವರು ತಡೆದರೆ?

ತುರ್ತು_ವಿಭಾಗ_ಕಾರವಾರ:
ಮಲಗಿಸಿ ಬಾಗಿಲು ಎಳೆದುಕೊಂಡು ಬರೋದು ಮಾತ್ರ ಬೇಡಿ. ಅಗಲವಾದ ಕಣ್ಣಪಾಪೆ, ಕಚ್ಚಿದ ದವಡೆ, ಓಡುವ ನಾಡಿ, ಯಾರೋ ಹಿಡಿಯಲು ಬಂದರೆಂಬ ಭಯ ಕಂಡರೆ ಅನುಮಾನ ಪಡಿ. ಎಲ್ಲಕ್ಕಿಂತ ಹೆದರಬೇಕಾದ್ದು ಮೈಬಿಸಿಗೆ. ಸ್ನಾಯು ಬಿಗಿದು ಶಾಖ ಏರುತ್ತದೆ, ಚರ್ಮದ ರಕ್ತನಾಳ ಕುಗ್ಗಿ ಅದು ಹೊರಗೆ ಹೋಗೋದಿಲ್ಲ. ನಮ್ಮ ಕರಾವಳಿ ಸೆಕೆಗೆ ಬೆವರೂ ಆರೋದಿಲ್ಲ. ಕಂಕುಳಲ್ಲಿ 39 ಡಿಗ್ರಿ ದಾಟಿದರೆ, ಮಾತು ತಪ್ಪಿದರೆ, ಎದೆನೋವು ಅಂದರೆ ತಕ್ಷಣ 108.

ಅಂಗಿ ಬಿಚ್ಚಿ, ಮೈತುಂಬ ಒದ್ದೆ ಬಟ್ಟೆ ಹೊದಿಸಿ, ಫ್ಯಾನ್ ನೇರ ಹಿಡಿಯಿರಿ. ಬಟ್ಟೆಯಲ್ಲಿ ಸುತ್ತಿದ ಐಸ್ ಕುತ್ತಿಗೆ, ಕಂಕುಳು, ತೊಡೆಸಂದಿಗೆ. ಪ್ಯಾರಾಸಿಟಮಾಲ್ ಕೊಡಬೇಡಿ, ಇದು ಸೋಂಕಿನ ಜ್ವರ ಅಲ್ಲ, ಅದಕ್ಕೆ ಇಳಿಯೋದಿಲ್ಲ. ಎಚ್ಚರವಿದ್ದು ನುಂಗಲು ಆಗ್ತಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ. ಬರೀ ನೀರು ಲೀಟರ್‌ಗಟ್ಟಲೆ ಕುಡಿಸಿದರೆ ಸೋಡಿಯಂ ಕುಸಿದು ಫಿಟ್ಸ್ ಬರಬಹುದು. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಹುಡುಕುತ್ತ ಹೊತ್ತು ಕಳೆಯಬೇಡಿ. ಕೈಕಾಲು ಕಟ್ಟಿ ಬೋರಲು ಒತ್ತಿ ಹಿಡಿದರೆ ಕೊಸರಾಡಿ ಇನ್ನೂ ಕಾಯುತ್ತಾರೆ, ಉಸಿರೂ ನಿಲ್ಲಬಹುದು. ಗೋಕರ್ಣದ ಕುಡ್ಲೆ ಕಡಲ ದಂಡೆವರೆಗೆ ಗಾಡಿ ಇಳಿಯೋದಿಲ್ಲವಲ್ಲ, ಒಬ್ಬರನ್ನು ರಸ್ತೆಗೆ ಕಳಿಸಿ, ಹೊತ್ತು ತರಲು ಗಟ್ಟಿ ಕುರ್ಚಿ ತೆಗೆದಿಡಿ.

ಮೆಡಿಕಲ್_ಶಿರಸಿ:
ಮೂಗಿಗೆ ಎಳೆದದ್ದು ಒಂದೆರಡು ತಾಸಲ್ಲಿ ಇಳಿಯುತ್ತದೆ. ಅದಕ್ಕೇ ಮೊದಲನೆಯದು ಮೈಯಿಂದ ಹೋಗುವ ಮುಂಚೆ ಮತ್ತೆ ಮತ್ತೆ ತಗೊಳ್ಳೋದು. ಪುಡಿ ನೋಡಿ ಇದು ಮೆಫೆಡ್ರೋನೋ, ಇದೇ ಜಾತಿಯ ಇನ್ನೂ ಜೋರಾದ ಮಾದಕ ಆಲ್ಫಾ-ಪಿವಿಪಿಯೋ ಹೇಳಲಾಗದು. ಖಿನ್ನತೆಯ ಮಾತ್ರೆ, ಟ್ರಮಡಾಲ್, ಡೆಕ್ಸ್ಟ್ರೋಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ ಜತೆ ಸೇರಿದರೆ ಮೆದುಳು-ನರಗಳ ಸಂದೇಶ ಒಯ್ಯುವ ಸೆರೊಟೋನಿನ್ ಮಿತಿಮೀರಿ ಕಾಲು ತಂತಾನೇ ಅದುರುತ್ತದೆ, ಮೈ ಸುಡುತ್ತದೆ. ಆ ಮಾತ್ರೆಗಳ ಹಾಳೆ ಸಿಕ್ಕರೆ ಡಾಕ್ಟರ್ ಕೈಗೆ ಕೊಡಿ. ನಿದ್ದೆ ಮಾತ್ರೆ ನೀವಾಗಿ ಕೊಡಬೇಡಿ. ಆಸ್ಪತ್ರೆಯಲ್ಲಿ ಶಾಂತಗೊಳಿಸುವ ಲೊರಾಜೆಪಾಮ್ ಕೊಡೋದು ಹೌದು, ಆದರೆ ಉಸಿರಾಟ ನೋಡುತ್ತ. ಹೆಂಡದ ಮೇಲೆ ಅದೇ ಮಾತ್ರೆ ಬಿದ್ದರೆ ಉಸಿರು ಅಡಗುತ್ತದೆ. ಮಾದಕ ಪತ್ತೆಯ ಮೂತ್ರದ ಸ್ಟ್ರಿಪ್ ನೆಗೆಟಿವ್ ಬಂತೆಂದು ನಂಬಬೇಡಿ, ಕ್ಯಾಥಿನೋನ್‌ಗಳು, ಅಂದರೆ ಮೆಫೆಡ್ರೋನ್ ಜಾತಿಯವು, ಅದರಲ್ಲಿ ಹೆಚ್ಚಾಗಿ ಸಿಕ್ಕೋದಿಲ್ಲ. ಮಾರನೇ ದಿನ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬಂದರೆ ಸ್ನಾಯು ಕರಗಿ ಕಿಡ್ನಿಗೆ ಹೊಡೆತ ಬೀಳುತ್ತಿದೆ, ಮತ್ತೆ ಆಸ್ಪತ್ರೆಗೆ.

ವಕೀಲ_ಕುಮಟಾ:
ಮೆಫೆಡ್ರೋನ್ 2015ರಿಂದ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ತಡೆ ಕಾಯ್ದೆಯಡಿ ಇದೆ. 2 ಗ್ರಾಂವರೆಗೆ ಸಣ್ಣ ಪ್ರಮಾಣ, 50 ಗ್ರಾಂ ಮೀರಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಜೈಲು. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಮಾಲೀಕರ ಮೇಲೆ 25ನೇ ಕಲಂ ಬರುತ್ತದೆ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಕೇಸಿನ ದಾಖಲೆ, ಬರೆಯಬಹುದು, ಅದಕ್ಕಾಗಿ ಚಿಕಿತ್ಸೆ ನಿಲ್ಲೋದಿಲ್ಲ. ವ್ಯಸನಿ ತಾನಾಗಿಯೇ ಮಾನ್ಯ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಸೇವನೆ ಮತ್ತು ಸಣ್ಣ ಪ್ರಮಾಣದ ಕೇಸಿಗೆ 64ಎ ಕಲಂ ರಕ್ಷಣೆ ಕೊಡುತ್ತದೆ. ಜತೆಗಿದ್ದವರಿಗೆ ಇದನ್ನೇ ಹೇಳಿ. ವ್ಯಸನಮುಕ್ತಿ ಸಹಾಯವಾಣಿ 14446.

ಕುಡ್ಲೆ_ಹೋಂಸ್ಟೇ:
ಕೋಣೆಯಲ್ಲಿ ಪುಡಿ ಉಳಿದಿದ್ದರೆ?

ವಕೀಲ_ಕುಮಟಾ:
ಮುಟ್ಟಬೇಡಿ, ಸಂಡಾಸಿಗೂ ಸುರಿಯಬೇಡಿ. ಕೋಣೆಗೆ ಬೀಗ ಹಾಕಿ ಪೊಲೀಸರಿಗೆ, 112ಕ್ಕೆ ತಿಳಿಸಿ. ಆದರೆ ಮೊದಲ ಕರೆ 108ಕ್ಕೇ ಹೋಗಲಿ.